ಸಾಕ್ಷಿಯಲ್ಲಿ ನಾನು ಹೇಳದೆ ಬಿಟ್ಟದ್ದು

ಲಿ ಸಿರ್ಪಿ,
ಸೆಪ್ಟೆಂಬರ್ ೧೪, ಸೋಮವಾರ

ನನ್ನ ಪ್ರೀತಿಯ ನೆಲ್ಸಿಯಾ,

ನಿನಗೂ ಎವೆರಿಸ್‌ಗೂ ನಮ್ಮ ಮನೆಯವರೆಲ್ಲರ ವಂದನೆ. ಚೆನ್ನಾಗಿದ್ದೀಯಾ ಎಂದು ಕೇಳುವುದಿಲ್ಲ. ನೀನು ಹೇಗಿದ್ದೀಯ ಎಂದು ನನಗೆ ಗೊತ್ತು. ಮೂರು ವರ್ಷದ ಹಿಂದೆ ನಾನೂ ಹಾಗೆಯೇ ಇದ್ದೆ.

ತೆಂಗಿನ ಬ್ರೆಡ್ ಮಾರುವ ವಿಲ್ಬರ್ಟಾ ಶನಿವಾರ ಇಲ್ಲಿಗೆ ಬಂದಿದ್ದಳು. ಎವೆರಿಸ್‌ನನ್ನು ಸಿಗಡಿ ಹಡಗಿನಿಂದ ಹೊತ್ತು ತಂದರಂತೆ, ಪಟ್ಟಣದ ಆಸ್ಪತ್ರೆಗೆ ಹೋಗಿ ಬಂದರೂ ಸೊಂಟದ ಕೆಳಗೆ ಸ್ಪರ್ಶವೇ ಇಲ್ಲವಂತೆ ಎಂದು ಅವಳಿಂದಲೇ ತಿಳಿಯಿತು. ನೀನು ಅವಳ ಹತ್ತಿರ ಆಡಿದ ಮಾತನ್ನೂ ಹೇಳಿದಳು. "ಓರ್ಲಿಂಡಾಗೆ ನಂಬಿಕೆ ಇತ್ತು, ಅದಕ್ಕೇ ಅವಳ ಗಂಡ ಎದ್ದ. ನನಗೆಲ್ಲಿದೆ ಅಂಥ ನಂಬಿಕೆ? ನನ್ನವನು ಇನ್ನು ಹೀಗೇ" ಅಂದೆಯಂತೆ. ಆ ಮಾತು ಕೇಳಿಯೇ ಈ ಕಾಗದ ಬರೆಯಲು ಕೂತೆ. ಈಸ್ಟರ್ ಸಭೆಯಲ್ಲಿ ಎದ್ದು ನಿಂತು ದೇವರು ಮಾಡಿದ್ದಕ್ಕೆ ನಾನು ಸಾಕ್ಷಿ ಹೇಳಿದಾಗ ನೀನು ಎರಡನೇ ಬೆಂಚಿನಲ್ಲಿ ಕೂತು ಅಳುತ್ತಿದ್ದೆ. ನಾನು ಒಂದು ದಿನವೂ ಕರ್ತನ ಕೈ ಬಿಡಲಿಲ್ಲ ಎಂದು ಆವತ್ತು ಎಲ್ಲರ ಮುಂದೆ ಹೇಳಿದೆನಲ್ಲ, ಅದು ಪೂರ್ತಿ ನಿಜವಲ್ಲ. ನಿಜ ಏನೆಂದು ಈಗ ಬರೆಯುತ್ತೇನೆ.

ನನ್ನ ವಾಲ್ಸ್ಟನ್ ಹದಿಮೂರು ವರ್ಷ ಸಮುದ್ರದ ತಳದ ದೊಡ್ಡ ಸಿಗಡಿಗಾಗಿ ಮುಳುಗಿದವನು. ತೀರದ ಹತ್ತಿರದ ದೊಡ್ಡ ಸಿಗಡಿಯೆಲ್ಲ ಮುಗಿದು, ಆ ವರ್ಷ ಇನ್ನೂ ಆಳಕ್ಕೆ ಇಳಿಯಬೇಕಾಗಿತ್ತು. ಆ ದಿನದ ಹನ್ನೆರಡನೇ ಗಾಳಿ ಸಿಲಿಂಡರ್ ಅವನು ಕೆಳಗಿರುವಾಗಲೇ ಖಾಲಿಯಾಯಿತಂತೆ. ಉಸಿರಿಗಾಗಿ ಎಲ್ಲೂ ನಿಲ್ಲದೆ ಸರ್ರನೆ ಮೇಲೆ ಬಂದುಬಿಟ್ಟ. ಹಡಗಿನ ಮೇಲೆ ಕೂತು ಸಿಗರೇಟು ಹಚ್ಚಿದ, ಯಾರದೋ ತಮಾಷೆಗೆ ನಕ್ಕ, ಆಮೇಲೆ ಕಾಲು ಜೋಮು ಹಿಡಿದಿದೆ ಅಂದ. ಮಲಗಿದರೆ ಸರಿಹೋಗುತ್ತದೆ ಅಂದ ಕ್ಯಾಪ್ಟನ್. ಹಡಗು ತಿರುಗಿದ್ದು ಎರಡು ದಿನ ಬಿಟ್ಟು. ಆಳದಿಂದ ಬೇಗ ಬಂದರೆ ರಕ್ತದಲ್ಲಿ ಗುಳ್ಳೆ ಏಳುತ್ತವೆ, ಇವನಿಗೆ ಅವು ಬೆನ್ನುಹುರಿಗೆ ಪೆಟ್ಟು ಕೊಟ್ಟಿವೆ ಎಂದು ಪಟ್ಟಣದ ಡಾಕ್ಟರ್ ಹೇಳಿದರು. ಗುಳ್ಳೆ ಕರಗಲೆಂದು, ಗಾಳಿ ಒತ್ತಿ ತುಂಬುವ ದೊಡ್ಡ ಪೀಪಾಯಿಯಂಥ ಕಬ್ಬಿಣದ ಕೋಣೆಯಲ್ಲಿ ಆರು ದಿನ ಇಟ್ಟರು. ತಡವಾಗಿ ತಂದಿರಿ ಅಂದರು. ಬಾಗಿಲಿನ ಹಲಗೆಯ ಮೇಲೆ ಮಲಗಿಸಿ ಮನೆಗೆ ತಂದೆವು.

ನಮ್ಮ ಅತ್ತೆ ನಿನಗೆ ಗೊತ್ತಲ್ಲ. ಇದು ಡಾಕ್ಟರಿಗೆ ತಿಳಿಯುವ ಕಾಯಿಲೆಯಲ್ಲ, ತನ್ನ ಸಿಗಡಿ ಕದ್ದನೆಂದು ನೀರಿನ ಹೆಣ್ಣು ಹಿಡಿದಿದ್ದಾಳೆ, ಮಂತ್ರದವನನ್ನು ಕರೆಸು ಎಂದು ಹಟ ಹಿಡಿದರು. ದೇವರೊಬ್ಬನನ್ನೇ ನಂಬಿದೆ ಎಂದು ನಾನು ಸಾಕ್ಷಿಯಲ್ಲಿ ಹೇಳಿದೆ. ಆದರೆ ಎರಡು ಹೇಂಟೆ ಹಿಡಿದುಕೊಂಡು ಆ ಮಂತ್ರದವನ ಬಾಗಿಲಿಗೆ ಹೋದವಳು ನಾನೇ. ಅತ್ತೆ ಹೋಗಲಿಲ್ಲ. ಅವನು ಮನೆಗೆ ಬಂದು ಹೊಗೆ ಹಾಕಿ, ಎಲೆಯ ನೀರು ಚಿಮುಕಿಸಿ, ಹೇಂಟೆಗಳನ್ನು ತೆಗೆದುಕೊಂಡು ಹೋದ. ವಾಲ್ಸ್ಟನ್‌ನ ಕಾಲಿನ ಬೆರಳೂ ಅಲ್ಲಾಡಲಿಲ್ಲ. ಚೆನ್ನಾಗಿ ಮೊಟ್ಟೆ ಇಡುತ್ತಿದ್ದ ಹೇಂಟೆಗಳು.

ಪಾಸ್ಟರ್ ಲೆವಿಸ್ಟನ್ ಮೊದಲ ಗುರುವಾರ ಬಂದಾಗ ಇವನು ಮುಖವನ್ನು ಗೋಡೆ ಕಡೆ ತಿರುಗಿಸಿಕೊಂಡ. "ಪಾಸ್ಟರ್, ಆ ದಿನ ನಿಮ್ಮ ದೇವರು ಎಲ್ಲಿದ್ದ?" ಎಂದು ಗೋಡೆಗೇ ಕೇಳಿದ. ಇಷ್ಟುದ್ದ ಉಪದೇಶ ಬರುತ್ತದೆ ಎಂದು ನಾನು ಕಾದೆ. ಪಾಸ್ಟರ್ "ನಂಗೊತ್ತಿಲ್ಲ ವಾಲ್ಸ್ಟನ್" ಅಂದರು. ಆಮೇಲೆ ನನ್ನ ಬುಟ್ಟಿಯಿಂದ ಮರಗೆಣಸು ತೆಗೆದುಕೊಂಡು ಸಿಪ್ಪೆ ಸುಲಿಯುತ್ತಾ ಕೂತರು. ಪ್ರತಿ ಗುರುವಾರವೂ ಹಾಗೆಯೇ ಬಂದರು. ಗೆಣಸು ಸುಲಿಯುವುದು, ಅವನ ಕಾಲಿಗೆ ತೆಂಗಿನೆಣ್ಣೆ ತಿಕ್ಕುವುದು, ಹೋಗುವಾಗ ಬಾಗಿಲಲ್ಲಿ ನಿಂತು ಒಂದೇ ಮಾತಿನ ಪ್ರಾರ್ಥನೆ. ಅವರ ಮೇಲೂ ನನಗೆ ಸಿಟ್ಟಿತ್ತು. ಸೌದೆ ಹಸಿಯಾಗಿದ್ದರೂ ದೇವರ ಮೇಲೇ ಸಿಟ್ಟು ಬರುತ್ತಿದ್ದ ಕಾಲ ಅದು.

ನೆಲ್ಸಿಯಾ, ದೊಡ್ಡ ಗಂಡಸಿನ ಒದ್ದೆ ಬಟ್ಟೆ ದಿನಕ್ಕೆ ಐದಾರು ಸಲ ಬದಲಿಸುವುದು ಏನೆಂದು ನಿನಗೆ ಈಗ ಗೊತ್ತಾಗಿದೆ. ಅದಕ್ಕಿಂತ ಅವನು ಆಗ ಮುಖ ಮುಚ್ಚಿಕೊಳ್ಳುವುದನ್ನು ನೋಡುವುದು ಕಷ್ಟ. ಒಂದು ದಿನ ಅವನು, ನೀನಿನ್ನೂ ವಯಸ್ಸಿನವಳು, ನಿಮ್ಮಣ್ಣನ ಮನೆಗೆ ಹೋಗು, ಬೇರೆ ಯಾರನ್ನಾದರೂ ಕಟ್ಟಿಕೋ ಅಂದ.

"ನಿನ್ನ ಬಟ್ಟೆ ಒಗೆದೂ ಒಗೆದೂ ಕೈ ಸುಕ್ಕುಗಟ್ಟಿದೆ. ಈ ಕೈ ಹಿಡಿಯೋಕೆ ಯಾವನು ಬರ್ತಾನೆ?" ಎಂದೆ.

ಅವನು ನಕ್ಕ. ಈ ಭಾಗ ಸಾಕ್ಷಿಯಲ್ಲೂ ಇತ್ತು, ಸಭೆಯೆಲ್ಲ ನಕ್ಕಿತು. ಅದರ ಮುಂದಿನ ವಾರ ಏನಾಯಿತು ಎಂಬುದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ವಾಲ್ಸ್ಟನ್‌ಗೆ ಕೂಡ ಹೇಳಿದ್ದು ಹೋದ ವರ್ಷ.

ನಾನು ಚೀಲ ಕಟ್ಟಿದೆ. ಎರಡು ಲಂಗ, ಬಾಚಣಿಗೆ, ಅಮ್ಮನ ಹಾಡಿನ ಪುಸ್ತಕ. ಅವನಿಗೆ ಗಂಜಿ ಕುಡಿಸಿ, ಮಗ್ಗುಲು ಬದಲಿಸಿ ಮಲಗಿಸಿ, ಉಪ್ಪು ತರುತ್ತೇನೆಂದು ಅತ್ತೆಗೆ ಹೇಳಿ, ಪ್ರಯಾಣದ ದೋಣಿ ಬರುವ ಕಟ್ಟೆಗೆ ಹೋದೆ. ಪ್ರಾರ್ಥನೆ ನಿಂತುಹೋಗಿ ಒಂದು ತಿಂಗಳಾಗಿತ್ತು. ಭಾನುವಾರ ಹಾಡುವಾಗ ಬರೀ ತುಟಿ ಆಡಿಸುತ್ತಿದ್ದೆ. ಕಟ್ಟೆಯಲ್ಲಿ ಕೂತಾಗ ಮಾತ್ರ ಒಳಗೊಳಗೇ ಅಂದುಕೊಂಡೆ, ನನ್ನ ಕೈಲಿ ಆಗುವುದಿಲ್ಲ, ಇನ್ನು ನೀನೇ ನೋಡಿಕೋ ಎಂದು. ಅದು ಪ್ರಾರ್ಥನೆಯಲ್ಲ, ಬೈಗುಳ.

ಬೆಳಿಗ್ಗೆ ಎಂಟಕ್ಕೆ ಬರಬೇಕಾದ ದೋಣಿ ಹನ್ನೊಂದಾದರೂ ಬರಲಿಲ್ಲ. ಅಷ್ಟರಲ್ಲಿ ಡೊರೊಟೆಯಾ ಬಂದು ನನ್ನ ಪಕ್ಕ ಕೂತಳು. ಅವಳ ಗಂಡ ಅಮಾನ್ಸಿಯೊ ಕೂಡ ಮುಳುಗುಗಾರನೇ. ಹತ್ತು ವರ್ಷದಿಂದ ಕೈ ಊರಿ ತೆವಳುತ್ತಾನೆ. ನನ್ನ ಚೀಲ ಅವಳ ಕಣ್ಣೆದುರಿಗೇ ಇತ್ತು. ಎಲ್ಲಿಗೆ ಎಂದು ಕೇಳಲಿಲ್ಲ. ಬಟ್ಟೆಯಲ್ಲಿ ಸುತ್ತಿಕೊಂಡಿದ್ದ ಬ್ರೆಡ್ಡನ್ನು ಮುರಿದು ಅರ್ಧ ಕೊಟ್ಟಳು. ತಿಂದ ಮೇಲೆ, ದೂರ ನೋಡುತ್ತಾ ಹೇಳಿದಳು:

"ನಾನು ಎರಡು ಸಲ ಹೊರಟಿದ್ದೆ. ಒಂದ್ಸಲ ದೋಣಿ ಹತ್ತೂಬಿಟ್ಟಿದ್ದೆ ಕಣೇ."

"ಮತ್ತೆ ಯಾಕೆ ಬಂದೆ?"

"ಅಲ್ಲಿ ಹೋದ್ರೂ ಅವ್ನು ಉಂಡನೋ ಇಲ್ವೋ ಅಂತ್ಲೇ ಯೋಚ್ನೆ. ಅದಕ್ಕಿಂತ ಇಲ್ಲೇ ಇದ್ದು ಉಣ್ಸೋದು ಸುಲಭ." ಲಂಗದ ಮೇಲಿನ ಬ್ರೆಡ್ಡಿನ ಪುಡಿ ಕೊಡವಿಕೊಂಡು ಅಂದಳು: "ನಿನಗೆ ಪ್ರಾರ್ಥನೆ ಬರ್ತಿಲ್ಲ ಅಂತ ಗೊತ್ತು. ಬರೋವರೆಗೂ ನಿನ್ನ ಪಾಲಿಂದೂ ನಾವು ಮಾಡ್ತಿದ್ದೀವಿ. ನೀನು ಒಲೆ ಹಚ್ಚು, ಸಾಕು."

ನಾನು ಎದ್ದು ಮನೆಗೆ ಬಂದೆ. ನನ್ನ ಬೆನ್ನ ಹಿಂದೆಯೇ ದೋಣಿಯ ಸದ್ದು ಕೇಳಿಸಿತು. ಆ ದಿನ ದೋಣಿಯನ್ನು ತಡ ಮಾಡಿದ್ದು ದೇವರೋ ಕೆಟ್ಟ ಎಂಜಿನ್ನೋ ನನಗೆ ಗೊತ್ತಿಲ್ಲ. ಡೊರೊಟೆಯಾಳನ್ನು ಕಳಿಸಿದ್ದು ಮಾತ್ರ ಯಾರೆಂದು ಗೊತ್ತು.

ಮುಂದಿನದೆಲ್ಲ ನೀನು ಕೇಳಿದ್ದೇ. ಅಮಾನ್ಸಿಯೊ ಹೇಳಿಕೊಟ್ಟಂತೆ ಚರ್ಚಿನವರು ಮನೆಯೊಳಗೆ ಎರಡು ಬಿದಿರಿನ ಗಳ ಅಕ್ಕಪಕ್ಕ ಅಡ್ಡಲಾಗಿ ಕಟ್ಟಿಕೊಟ್ಟರು. ತೋಳಿನ ಬಲದಲ್ಲಿ ಇವನು ಅದಕ್ಕೆ ಜೋತುಬೀಳುತ್ತಿದ್ದ, ಕಾಲು ಚಿಂದಿಯ ಹಾಗೆ ನೇತಾಡುತ್ತಿತ್ತು. ಏಳನೇ ತಿಂಗಳಲ್ಲಿ ಕೆಂಪಿರುವೆ ಬಂತು. ನಾನು ಒಲೆಯ ಮುಂದೆ ಬೆಂದ ಬಾಳೆಕಾಯಿ ಹಿಸುಕುತ್ತಿದ್ದೆ. ಒಳಗಿಂದ ಕೆಟ್ಟ ಬೈಗುಳ ಕೇಳಿ ಓಡಿದೆ. ಎಡಗಾಲ ಹೆಬ್ಬೆರಳಿಗೆ ಇರುವೆ ಕಚ್ಚಿಕೊಂಡಿತ್ತು. ಅವನು ಬೈಯುತ್ತಾ ಅಳುತ್ತಿದ್ದ.

"ನೋವಾಗ್ತಿದೆ ಓರ್ಲಿಂಡಾ. ತೆಗೀಬೇಡ, ತೆಗೀಬೇಡ, ಇನ್ನೊಂದು ಸ್ವಲ್ಪ ಕಚ್ಲಿ."

ಅತ್ತೆ ಬಂದು ನೋಡಿ, ನೆಲಕ್ಕೆ ಕೂತು ಕರ್ತನಿಗೆ ಸ್ತೋತ್ರ ಹೇಳಿದರು. ನೀರಿನ ಹೆಣ್ಣಿನ ಸುದ್ದಿ ಆಮೇಲೆ ಎತ್ತಿಲ್ಲ. ನನಗೆ ಮತ್ತೆ ಪ್ರಾರ್ಥನೆ ಬಂದದ್ದು ಅವತ್ತು.

ಅದರ ಮೇಲೂ ಎರಡು ಗಳದ ನಡುವೆ ಹನ್ನೆರಡು ಹೆಜ್ಜೆ ಹಾಕಲು ಒಂದು ವರ್ಷ ಹಿಡಿಯಿತು. ಈಗ ಎರಡು ಕೋಲು ಹಿಡಿದು ಚರ್ಚಿಗೆ ಬರುತ್ತಾನೆ. ಎಡಗಾಲು ಇನ್ನೂ ಎಳೆಯುತ್ತದೆ. ಬಲೆ ಹೆಣೆಯುತ್ತಾನೆ, ಅತ್ತೆಯ ಜೊತೆ ಜಗಳವಾಡುತ್ತಾನೆ. ಎವೆರಿಸ್‌ಗೂ ಹೀಗೆಯೇ ಆಗುತ್ತದೆ ಎಂದು ನಾನು ಬರೆದರೆ ಮತ್ತೊಂದು ಸುಳ್ಳು ಸಾಕ್ಷಿ ಹೇಳಿದ ಹಾಗೆ. ಅಮಾನ್ಸಿಯೊ ಎದ್ದೇ ಇಲ್ಲ. ಡೊರೊಟೆಯಾಳ ನಂಬಿಕೆಯ ಮುಂದೆ ನನ್ನದು ಏನೂ ಅಲ್ಲ. ಆದ್ದರಿಂದ ಕಾಲು ನೋಡಿ ನಂಬಿಕೆ ಅಳೆಯಬೇಡ. ಕರ್ತನು ಬಿಡಿಸುತ್ತಾನೆ ಎಂದು ನಾನು ನಂಬುತ್ತೇನೆ. ಹೇಗೆ ಎಂದು ಅವನು ಮೊದಲೇ ಹೇಳುವುದಿಲ್ಲ ಅಷ್ಟೆ. ನನ್ನನ್ನು ಬಿಡಿಸಿದ್ದು ಅರ್ಧ ಬ್ರೆಡ್ಡಿನಿಂದ. ಇರುವೆ ಬಂದದ್ದು ಆಮೇಲೆ.

ಈಗ ನನ್ನ ಮಾತು ಕೇಳು. ಅವನನ್ನು ಮತ್ತೆ ಪಟ್ಟಣಕ್ಕೆ ಕರೆದುಕೊಂಡು ಹೋಗಿ ಕಬ್ಬಿಣದ ಕೋಣೆಯಲ್ಲಿ ಇನ್ನೊಮ್ಮೆ ಇಡುತ್ತಾರೋ ಎಂದು ಕೇಳು, ನಾಚಿಕೆಪಡಬೇಡ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸು. ಬೆನ್ನು, ಹಿಮ್ಮಡಿ ದಿನಾ ನೋಡು, ಕೆಂಪಾದರೆ ಬಿಡಬೇಡ. ಹೇಂಟೆಗಳನ್ನು ಯಾರಿಗೂ ಕೊಡಬೇಡ, ಮೊಟ್ಟೆ ಅವನಿಗೆ ಬೇಕು. ನೀನೂ ಉಣ್ಣು. ಪ್ರಾರ್ಥನೆ ಬರದಿದ್ದರೆ ಬಿಡು. ನಿನ್ನ ಪಾಲಿನದನ್ನು ಇಲ್ಲಿ ನಾನೂ ಡೊರೊಟೆಯಾಳೂ ನಿನ್ನೆಯಿಂದ ಶುರುಮಾಡಿದ್ದೇವೆ. ಚೀಲ ಕಟ್ಟಬೇಕು ಅನ್ನಿಸಿದರೆ ಕಟ್ಟು. ಅದಕ್ಕಾಗಿ ನಿನ್ನನ್ನು ಕೆಟ್ಟವಳು ಎಂದು ನಾನಂತೂ ಅನ್ನುವುದಿಲ್ಲ.

ಶಾಲೆಯಲ್ಲಿ ನಿನ್ನ ಪಕ್ಕ ಕೂತು ನಿನ್ನ ಉತ್ತರ ನೋಡಿ ಬರೆಯುತ್ತಿದ್ದ,
ನಿನ್ನ ಓರ್ಲಿಂಡಾ

ಮತ್ತೆ: ಈ ಕಾಗದವನ್ನು ವಿಲ್ಬರ್ಟಾಳ ಕೈಲಿ ಕಳಿಸಬೇಕೆಂದಿದ್ದೆ. ವಾಲ್ಸ್ಟನ್ ಪೂರ್ತಿ ಓದಿದ, ಚೀಲದ ವಿಷಯವನ್ನೂ ಓದಿದ. ಮಡಚಿ ತನ್ನ ಜೇಬಿಗೆ ಹಾಕಿಕೊಂಡು, "ನಾನೇ ಕೊಡ್ತೀನಿ" ಅಂದ. ಆ ಅಪಘಾತವಾಗಿ ಮನೆಗೆ ಬಂದ ಮೇಲೆ ಅವನು ನೀರಿನ ಮೇಲೆ ಹೊರಡುತ್ತಿರುವುದು ಇದೇ ಮೊದಲು. ಅಲೆಯ ಸದ್ದು ಜೋರಾದರೆ ಈಗಲೂ ಎದ್ದು ಕಿಟಕಿ ಮುಚ್ಚುತ್ತಾನೆ. ನಾನು ಬೇಡ ಅನ್ನಲಿಲ್ಲ. ಈ ಸಾಲು ಬರೆಯಲೆಂದು ಕಾಗದ ವಾಪಸು ಕೇಳಿದ್ದಕ್ಕೆ ಗೊಣಗುತ್ತಾ ಬಾಗಿಲಲ್ಲಿ ನಿಂತಿದ್ದಾನೆ. ದೋಣಿಯಿಂದ ಇಳಿಯುವಾಗ ಅವನ ಕೈ ಹಿಡಿಯಲು ಹೋಗಬೇಡ, ಅವನಿಗೆ ಅದು ಹಿಡಿಸುವುದಿಲ್ಲ. ಎವೆರಿಸ್‌ನ ಹಾಸಿಗೆಯ ಪಕ್ಕ ಒಂದು ಸ್ಟೂಲು ಹಾಕಿಕೊಟ್ಟು, ಅವರಿಬ್ಬರನ್ನೇ ಬಿಟ್ಟು, ನೀನು ಹೋಗಿ ಸ್ವಲ್ಪ ನಿದ್ದೆ ಮಾಡು.