ಗುರುವಾರದ ಲ್ಯಾಬ್

೧೪ ಆಗಸ್ಟ್ ೧೯೯೬, ಬುಧವಾರ, ಮಾರಿಸ್‌ವಿಲ್, ಅಮೆರಿಕ

ನರ್ಸಿಂಗ್ ಸ್ಕೂಲಿಗೆ ಸೇರುವ ಮುಂಚೆ ಯಾವ ಕೋರ್ಸ್ ಮೊದಲು, ಯಾವುದು ಆಮೇಲೆ ಅನ್ನುವುದೇ ಇವತ್ತೂ ತಲೆ ತಿಂದಿತು. ಕೆಮಿಸ್ಟ್ರಿ ಮೊದಲು, ಅನಾಟಮಿ ಕೊನೆಗೆ ಎಂದುಕೊಂಡಿದ್ದೆ. ತಿಂಡಿ ತಿನ್ನುವಾಗ ಇವರು ರೇಗಿದರು.

"ಅನಾಟಮಿ ಆಗ್ದೆ ಮೈಕ್ರೋಬಯಾಲಜಿ ಕೊಡಲ್ಲ ಕಣೇ. ಮುಂದಕ್ಕೆ ಹಾಕಿದ್ರೆ ಒಂದು ವರ್ಷ ವೇಸ್ಟ್."

"ಅನಾಟಮಿ ಲ್ಯಾಬ್ ಇರೋದು ಗುರುವಾರ. ಸತ್ತ ಬೆಕ್ಕನ್ನ ಕೊಯ್ದು ಬಂದು, ಅದೇ ಕೈಲಿ ರಾಯರಿಗೆ ದೀಪ ಹಚ್ಲಾ?"

ಇವರು ತಟ್ಟೆ ಎತ್ತಿಕೊಂಡು ಎದ್ದರು. ರಾಯರ ಹೆಸರೆತ್ತಿದರೆ ಈ ಮನೆಯಲ್ಲಿ ಎದುರು ಮಾತಿಲ್ಲ.

ಸಂಜೆ ಕಾಲೇಜಿನಿಂದ ಫೋನ್ ಬಂತು. ಸೋಮವಾರದ ಲ್ಯಾಬ್‌ನಲ್ಲಿ ಒಂದು ಸೀಟು ಖಾಲಿಯಾಗಿದೆಯಂತೆ, ನಾಳೆಯೊಳಗೆ ಹೇಳಬೇಕಂತೆ. ಇವರಿಗೆ ಎಲ್ಲಿಲ್ಲದ ಖುಷಿ. "ನೋಡಿದ್ಯಾ, ರಾಯರೇ ದಾರಿ ತೋರಿಸಿದ್ರು!"

ನನಗೆ ಆ ಖುಷಿ ಬರಲಿಲ್ಲ. ಕಣ್ಣು ಮುಚ್ಚಿದರೆ ಲ್ಯಾಬ್‌ನ ಟ್ರೇ ಮೇಲೆ ಕಾಲು ಚಾಚಿ ಮಲಗಿದ ಸತ್ತ ಬೆಕ್ಕು. ಅದನ್ನೇ ಮುಟ್ಟಲಾರದವಳು ಮನುಷ್ಯರ ಗಾಯ ಹೇಗೆ ತೊಳೆದೇನು? ಇದನ್ನು ಇವರಿಗೆ ಹೇಳಿದರೆ "ಹಾಗಾದ್ರೆ ನರ್ಸಿಂಗೇ ಬೇಡ ಬಿಡು" ಅಂದುಬಿಡುತ್ತಾರೆ. ಅದೂ ನನಗೆ ಬೇಡ.

ರಾಯರೇ, ನೆಪ ಹೇಳಲು ಒಂದು ಗುರುವಾರವಾದರೂ ಇತ್ತು. ಅದನ್ನೂ ಯಾಕೆ ಕಿತ್ತುಕೊಂಡಿರಿ?