ಆರು ಗಂಟೆ ಒಳಗಿರಬೇಕಾದ ನೀರು

ಜುಲೈ 18, ವಡೋದರಾ, ಬೆಳಿಗ್ಗೆ 6.30

ಕೈ ತೊಳೆದೆ, ಮಾಸ್ಕ್, ಫ್ಯಾನ್ ಬಂದ್. ಇವರ ಹೊಟ್ಟೆಯ ಪೈಪಿನಿಂದ ರಾತ್ರಿಯ ಡಯಾಲಿಸಿಸ್ ನೀರು ಹೊರಗೆ ಬಿಟ್ಟೆ. ಇನ್ನೂ ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬು. ಆಂಟಿಬಯೋಟಿಕ್ ಬೆರೆಸಿದ ಎರಡು ಲೀಟರಿನ ಬ್ಯಾಗು ಹೊಟ್ಟೆಗೆ ಇಳಿಸಿದೆ. ಮೂರನೇ ದಿನ. ಆರು ಗಂಟೆ ಒಳಗಿದ್ದರೆ ಮಾತ್ರ ಸೋಂಕಿಗೆ ನಾಟುತ್ತದಂತೆ. ಮಧ್ಯಾಹ್ನದ ಬ್ಯಾಗು ಮಾತ್ರ ಇವರೇ ಬದಲಿಸಿಕೊಂಡು, ಹೊರಬಂದ ನೀರಿನ ತೂಕ ಚಾರ್ಟಿನಲ್ಲಿ ಬರೆಯುತ್ತಾರೆ. ಕೊಯಾಲಿ ರಿಫೈನರಿಯ ಲ್ಯಾಬಿನಲ್ಲಿ ಮೂವತ್ತು ವರ್ಷ ರೀಡಿಂಗ್ ಬರೆದವರು... ನನ್ನ ಅಕ್ಷರ ಹಿಡಿಸದು.

ಜುಲೈ 19

ಆಸ್ಪತ್ರೆ. ಸಿಸ್ಟರ್ ಪೂರ್ವಿಬೆನ್ ನನ್ನನ್ನು ನಲ್ಲಿಯ ಮುಂದೆ ನಿಲ್ಲಿಸಿ ಮೂರು ಸಲ ಕೈ ತೊಳೆಸಿದರು. ಎಲ್ಲರೂ ನೋಡುತ್ತಿದ್ದರು. ಡಾಕ್ಟರು ಔಷಧಿ ಬದಲಿಸಿದರು. "ನಾಡಿದ್ದಿಗೂ ನೀರು ತಿಳಿಯಾಗದಿದ್ದರೆ ಪೈಪು ತೆಗೆಯಬೇಕು. ಆಮೇಲೆ ವಾರಕ್ಕೆ ಮೂರು ದಿನ ಇಲ್ಲಿಗೆ ಬಂದು ಮಷೀನಿನಲ್ಲಿ ರಕ್ತ ಶುದ್ಧಿ ಮಾಡಿಸಬೇಕು."

ಇವರು ಡಾಕ್ಟರಿಗೆ ಹಿಂದಿಯಲ್ಲಿ, ಮೆಲ್ಲಗೆ: "ಇವಳಿಗೂ ವಯಸ್ಸಾಯಿತು, ಮರೆತುಬಿಡುತ್ತಾಳೆ."

ಏನು ಮರೆತೆ? ದಿನಕ್ಕೆ ಮೂರು ಸಲ, ಎರಡು ವರ್ಷ. ತೊಳೆದು ತೊಳೆದು ಬೆರಳ ಸಂದಿಯೆಲ್ಲ ಸಿಪ್ಪೆ ಏಳುತ್ತಿದೆ. ಮೈ ಉರಿದುಹೋಯಿತು.

ಜುಲೈ 20, ಮಧ್ಯಾಹ್ನ 12.45

ಗೊತ್ತಾಯಿತು.

ಇವರು ಅತ್ತ ಹೋದಾಗ, ಈಗಷ್ಟೇ ಹೊಟ್ಟೆಯ ನೀರು ಇಳಿಸಿ ತೆಗೆದಿಟ್ಟ ಬ್ಯಾಗು ಎತ್ತಿದೆ. ಹಗುರ. ತೂಕಕ್ಕೆ ಹಾಕಿದೆ — ಮುನ್ನೂರು ಗ್ರಾಂ. ಚಾರ್ಟಿನಲ್ಲಿ 2100. ನಿನ್ನೆಯೂ 2100. ಮೊನ್ನೆಯೂ.

ಕೇಳಿದೆ. ಗದರಿದರು. ಬಿಡಲಿಲ್ಲ. ಕಡೆಗೆ ನೆಲ ನೋಡಿಕೊಂಡು, "ಆ ಮೈಲಿಗಿ ನೀರು ಹೊಟ್ಟ್ಯಾಗ ಇಟ್ಕೊಂಡು ಸಾಲಿಗ್ರಾಮ ಹ್ಯಾಂಗ ಮುಟ್ಲಿ?"

ಸೋಂಕಿಗೂ ಮುಂಚೆ, ಪ್ರಥಮ ಏಕಾದಶಿಯಿಂದಲೇ ಶುರುವಂತೆ. ಎಂಟಕ್ಕೆ ಸ್ನಾನದ ಮನೆ ಬಾಗಿಲು ಹಾಕಿಕೊಂಡು, ಪೈಪಿನ ಮುಚ್ಚಳ ಬಿಚ್ಚಿ, ಎಲ್ಲ ಬಕೆಟ್ಟಿಗೆ. ಪ್ರತಿ ಸಲ ಹೊಸದು ಹಾಕಬೇಕಾದಲ್ಲಿ ಅದೇ ಮುಚ್ಚಳ ವಾಪಸ್. ಆಮೇಲೆ ಮಡಿಯುಟ್ಟು ಪೂಜೆ. ಅಂದರೆ ಔಷಧಿ ಒಳಗಿದ್ದದ್ದು ಒಂದೂವರೆ ಗಂಟೆ. ಸೋಂಕು ಬಂದದ್ದೂ ಅಲ್ಲಿಂದಲೇ ಇರಬೇಕು. ಬೈಸಿಕೊಂಡದ್ದು ನಾನು.

"ನಾಳೆ ಡಾಕ್ಟರಿಗೆ ನೀವ ಹೇಳ್ರಿ. ಇಲ್ಲಾ ನಾ ಹೇಳ್ತೀನಿ."

"ಮರ್ಯಾದಿ ಹೋಗ್ತದ. ಸುಮ್ನಿರು."

ಯಾರ ಮರ್ಯಾದೆ?

ಜುಲೈ 21

ನಾನೇ ಹೇಳಿದೆ. ಇವರು ಗೋಡೆಯ ಕ್ಯಾಲೆಂಡರ್ ಓದುತ್ತ ಕೂತಿದ್ದರು. ಡಾಕ್ಟರು ಅಡ್ಮಿಟ್ ಮಾಡಿಕೊಂಡು ಇನ್ನೆರಡು ದಿನ ನೋಡೋಣ ಎಂದರು. ಪೂರ್ವಿಬೆನ್ ಟೀ ತಂದುಕೊಟ್ಟರು. ಕೈ ತೊಳೆಸಿದ ಮಾತು ಎತ್ತಲಿಲ್ಲ.

ಜುಲೈ 24

ತಡವಾಗಿತ್ತು. ನಿನ್ನೆ ಪೈಪು ತೆಗೆದರು. ಇನ್ನು ಸೋಮ, ಬುಧ, ಶುಕ್ರ ಬೆಳಿಗ್ಗೆ ಏಳರಿಂದ ಮಷೀನ್. ಪೂಜೆಯ ಹೊತ್ತು ಅಲ್ಲೇ ಕಳೆಯುತ್ತದೆ. ಪಾಪ ಎನಿಸಬೇಕಿತ್ತು. ಎನಿಸಲಿಲ್ಲ.

ಧಾರವಾಡದಿಂದ ನಾದಿನಿ ಗೌತಮಿಯ ಫೋನು. "ವೈನಿ, ನಿಮ್ಮ ಕೈಲಿಂದ ಸೋಂಕು ಆತಂತ ಅಣ್ಣ ಅಂದ. ಮನಸ್ಸಿಗೆ ಹಚ್ಕೋಬ್ಯಾಡ್ರಿ. ವಯಸ್ಸಾತಲ್ಲ."

ಇವರು ಕಣ್ಣು ಮುಚ್ಚಿ ಮಲಗಿದ್ದರು. ನಿದ್ದೆಯಲ್ಲ, ರೆಪ್ಪೆ ಅದುರುತ್ತಿತ್ತು. ಫೋನು ಸ್ಪೀಕರಿಗೆ ಹಾಕಿ ಇವರ ದಿಂಬಿನ ಮೇಲಿಟ್ಟೆ.

"ಗೌತಮಿ, ನಿಮ್ಮಣ್ಣ ಇಲ್ಲೇ ಇದ್ದಾರ. ಅವರ ಮುಂದನ ಹೇಳ್ತೀನಿ, ಕೇಳು. ದಿನಾ ಮುಂಜಾನಿ ಎಂಟಕ್ಕ ಬಾಗಿಲಾ ಹಾಕ್ಕೊಂಡು ಔಷಧಿ ನೀರು ಬಕೆಟ್ಟಿಗೆ ಬಿಟ್ಟವರು ಇವರ."