ಅವಳ ದನಿ ಕೂರುವ ಜಾಗ

ಮಾರ್ಚ್ ೪, ಸೋಮವಾರ. ಬೆಳಿಗ್ಗೆ

ಹಾಲು ಮತ್ತೆ ಉಕ್ಕಿತು. ಒಲೆ ಒರೆಸಿದೆ. ಮಾತ್ರೆ ನುಂಗಿದೆನೋ ಇಲ್ಲವೋ — ನುಂಗಿದೆ ಅಂತಲೇ ಇಟ್ಟುಕೊಳ್ಳೋಣ.

ಮಗಳು, ಅವಳಮ್ಮ ವೇದಿಕೆಯಲ್ಲಿ ಹಾಡಿದ್ದನ್ನು ಹಿಡಿದ ಹಳೆಯ ಕ್ಯಾಸೆಟ್ಟಿನ ಹಾಡನ್ನು ಯಾರ ಕೈಲೋ ಸೋಸಿಸಿ ಫೋನಿಗೆ ಕಳಿಸಿದ್ದಾಳೆ. ಆರ್ಕೆಸ್ಟ್ರಾದ ಡ್ರಮ್ಮು, ಗಿಟಾರು ಎಲ್ಲ ಮಾಯ. ದನಿಯೊಂದೇ ಉಳಿದಿದೆ. ಐಸೋಲೇಟೆಡ್. ಕಟ್ಟಿಕೊಂಡವಳು ಹೋಗಿ ಮೂರು ವರ್ಷವಾದ ಮೇಲೆ, ಹೀಗೆ ಬರಿಯ ಕಂಠವಾಗಿ ಅಡುಗೆಮನೆಗೆ ಬಂದರೆ ಏನು ಮಾಡಬೇಕು? ಎರಡನೇ ಸಲ ಹಾಲಿಟ್ಟೆ.

ಭಾನುವಾರ ಮಗಳ ಮದುವೆಯ ಊಟ. ಅಲ್ಲಿ ಈ ದನಿ ಹಾಕಿ, ಜೊತೆಗೆ ಯಾರಾದರೂ ಕೀಬೋರ್ಡ್ ನುಡಿಸಬೇಕಂತೆ. ಯಾರಾದರೂ ಅಂದರೆ ಕೀಬೋರ್ಡ್ ಮಾಮ. ಆರ್ಕೆಸ್ಟ್ರಾದಲ್ಲಿ ವರ್ಷಗಟ್ಟಲೆ ಇವಳ ಪಕ್ಕ ನಿಂತ ಆಸಾಮಿ. ಇವಳಿಗೆ ಅಕ್ಕ ಅನ್ನುತ್ತಿದ್ದ, ನನಗೆ ಭಾವ. ಬಾಯ್ತುಂಬ.

ನಾನೇ ನುಡಿಸುತ್ತೇನೆ ಅಂದೆ. ಬುಧವಾರದೊಳಗೆ ಸ್ಕೇಲ್, ಅಂದರೆ ಹಾಡಿನ ಶ್ರುತಿ, ಕಂಡುಹಿಡಿದರೆ ನೀನು, ಇಲ್ಲದಿದ್ದರೆ ಮಾಮ, ಅಂದಳು ಮಗಳು.

ಮಾರ್ಚ್ ೫, ಮಂಗಳವಾರ

ಅಟ್ಟದಿಂದ ಮಗಳ ಚಿಕ್ಕಂದಿನ ಕೀಬೋರ್ಡ್ ಇಳಿಸಿದೆ. ಅದರ ಕಪ್ಪು-ಬಿಳಿ ಮನೆಗಳ ಮೇಲೆ ಅವಳು ಅಂಟಿಸಿದ ಎ, ಬಿ, ಸಿ ಇನ್ನೂ ಇವೆ. ಮೆಥಡ್ ಬೇಕು. ಪ್ರೋಸೆಸ್ ಆಫ್ ಎಲಿಮಿನೇಷನ್ — ಕಾಲೇಜಿನ ಲಾಜಿಕ್ ಕ್ಲಾಸು. ಹಾಡಿನ ಮೊದಲ ಸ್ವರ ಕೇಳುವುದು, ನಿಲ್ಲಿಸುವುದು, ಒಂದೊಂದೇ ಮನೆ ಒತ್ತುವುದು. ‘ಜಿ’ಗೆ ಸರಿಹೋಯಿತು. ಕ್ಯೂ ಇ ಡಿ.

ಆದರೆ ಜಿ ಸ್ಕೇಲಿನಲ್ಲಿ ನುಡಿಸುತ್ತ ಹೋದರೆ ಮೊದಲ ಸಾಲು ಹೇಗೋ ಹೊಂದಿ, ಎರಡನೆಯದರಲ್ಲಿ ಅವಳಿಗೂ ನನಗೂ ಎಣ್ಣೆ ಸೀಗೆಕಾಯಿ. ಅವಳು ಒಂದು ಕಡೆ ಇಳಿದರೆ ನಾನು ಇನ್ನೊಂದು ಕಡೆ ಹತ್ತುತ್ತೇನೆ. ಬದುಕಿದ್ದಾಗಲೂ ಹೀಗೇ. ಅವನ ಜೊತೆ ಮಾತ್ರ ಎಂದೂ ತಪ್ಪಿದವಳಲ್ಲ.

ಕಾಲೇಜಿನಲ್ಲಿ ಪ್ರೊಫೆಸರು ಹೇಳಿದ್ದರು — ಇಲ್ಲದ್ದಕ್ಕೆ ಪಡುವುದು ಎನ್ವಿ, ಇದ್ದದ್ದು ಕೈಬಿಟ್ಟೀತೆಂದು ಪಡುವುದು ಜೆಲಸಿ. ಇದ್ದವಳೇ ಹೋದ ಮೇಲೂ ಪಡುತ್ತಿದ್ದರೆ? ಅದು ಸಿಲಬಸ್ಸಿನಲ್ಲಿ ಇರಲಿಲ್ಲ.

ಮಾರ್ಚ್ ೬, ಬುಧವಾರ. ಸಂಜೆ

ಅವನೇ ಬಂದ. ಮಗಳ ಕಿತಾಪತಿ. ತಲೆಗೆ ಬಣ್ಣ ಹಾಕುವುದು ಬಿಟ್ಟಿದ್ದಾನೆ, ಅದೊಂದು ಸಮಾಧಾನ. ಸ್ಕೇಲ್ ಜಿ ಅಂತ ನಾನೇ ಮೊದಲು ಹೇಳಿಬಿಟ್ಟೆ. ಅವನು ಇಲ್ಲವೆನ್ನಲಿಲ್ಲ. ಕಣ್ಣು ಮುಚ್ಚಿ ಹಾಡನ್ನು ಕೊನೆವರೆಗೂ ಹೋಗಲು ಬಿಟ್ಟ. ಆಮೇಲೆ ‘ಸಿ’ ಮೇಲೆ ಒಂದೇ ಬೆರಳಿಟ್ಟ.

“ಹಾಡು ಎಲ್ಲಿಂದ ಹೊರಡುತ್ತೆ ಅಂತ ನೋಡಬೇಡಿ ಭಾವ. ಎಲ್ಲಿ ಬಂದು ಕೂರುತ್ತೆ ನೋಡಿ. ಅಕ್ಕ ಇದನ್ನ ಎತ್ತಿಕೊಳ್ಳೋದು ಪಂಚಮದಲ್ಲಿ, ನಿಮ್ಮ ಜಿ ಅದೇ. ಷಡ್ಜ ಸಿ.”

ಕೂತಿತು. ತೊಟ್ಟಿಲಲ್ಲಿ ಕೂಸು ಮಲಗಿದ ಹಾಗೆ. ಮೈ ಉರಿಯಿತು.

ನಾನು ಸ್ವರ ಹುಡುಕುವ ಗಡಿಬಿಡಿಯಲ್ಲಿ ಹಾಡಿನ ಮಧ್ಯದ ಬಿಡುವನ್ನು ದಾಟಿಸುತ್ತಲೇ ಇದ್ದೆ. ಅವನು ದಾಟಿಸಲಿಲ್ಲ. ಆ ಬಿಡುವಿನಲ್ಲಿ, ವಾದ್ಯಗಳೆಲ್ಲ ಇರಬೇಕಾಗಿದ್ದಲ್ಲಿ — ಅವಳು ನಕ್ಕಳು. ಚಿಕ್ಕ ನಗು, ಮೂಗಿನಲ್ಲಿ. ಅವನ ಮುಖವೂ ಅರಳಿತು.

ಯಾಕೆ ನಕ್ಕಳು ಅಂದೆ. ನನ್ನ ದನಿ ನನಗೇ ಪೊಲೀಸಿನವನ ದನಿಯಂತೆ ಕೇಳಿತು.

“ನಿಮ್ಮನ್ನ ನೋಡಿ. ಮುಂದಿನ ಸಾಲಲ್ಲಿ ಕೂತು ನಿದ್ದೆ ಹೊಡೀತಿದ್ರಿ, ಬಾಯಿ ಇಷ್ಟಗಲ. ‘ನೋಡೋ ನಮ್ಮವರನ್ನ’ ಅಂತ ಕಣ್ಣಲ್ಲೇ ತೋರಿಸಿದ್ರು.”

ಚಹಾ ಮಾಡಿಕೊಟ್ಟೆ. ಸಕ್ಕರೆ ಹಾಕಲಿಲ್ಲ. ಕುಡಿದು ಚೆನ್ನಾಗಿದೆ ಅಂದ.

ಮಾರ್ಚ್ ೮, ಶುಕ್ರವಾರ

ನಿನ್ನೆ ಬರೆಯಲಿಲ್ಲ. ಬರೆಯುವುದೇನು.

ನಗು ನನ್ನದು. ನನಗಾಗಿ ನಕ್ಕದ್ದು. ಕಂಡವನು ಅವನು. ಇಷ್ಟು ವರ್ಷ ಅದನ್ನು ತಲೆಯಲ್ಲಿಟ್ಟುಕೊಂಡು ಓಡಾಡಿದ್ದಾನೆ, ನಾನು ಗೊರಕೆ ಹೊಡೆದಿದ್ದೇನೆ. ಹೊತ್ತುಕೊಂಡು ಹೋಗಿದ್ದರೆ ಕಳ್ಳ ಅನ್ನಬಹುದಿತ್ತು, ಇವನು ತಂದು ಕೊಟ್ಟುಬಿಟ್ಟ...

ಸಿ ಮೇಲೆ ಪ್ರಾಕ್ಟೀಸ್. ಬೆರಳು ಕೊರಡು. ಸಾಕು.

ಮಾರ್ಚ್ ೯, ಶನಿವಾರ

ಮಗಳ ಫೋನು. ಮಾಮನಿಗೆ ಬೆರಳು ನೋವಂತೆ, ನುಡಿಸಲು ಆಗುವುದಿಲ್ಲವಂತೆ, ನೀನೇ ನುಡಿಸಪ್ಪ ಅಂದಳು. ಬುಧವಾರ ಆ ಬೆರಳನ್ನು ನಾನೇ ನೋಡಿದ್ದೇನೆ. ಗುಂಡುಕಲ್ಲಿನಂತಿತ್ತು. ಸುಳ್ಳ. ನನಗೇ ಬಿಟ್ಟುಕೊಟ್ಟಿದ್ದಾನೆ. ನೆಮ್ಮದಿಯಾಗಿ ಹೊಟ್ಟೆಕಿಚ್ಚು ಪಡಲೂ ಬಿಡದ ಮನುಷ್ಯ.

ಮಾರ್ಚ್ ೧೦, ಭಾನುವಾರ. ಬೆಳಿಗ್ಗೆ ಎಂಟೂವರೆ

ಕಾರು ಬಂದಿದೆ. ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ. ಮೊದಲು ಕೀಬೋರ್ಡ್ ಮಾಮನ ಮನೆಗೆ ಬಿಡಲು ಹೇಳಬೇಕು. ಪ್ರೀತಿಯಿಂದ ಅಲ್ಲ, ಇದು ಆನ್ ರೆಕಾರ್ಡ್. ಪಕ್ಕದಲ್ಲಿ ಕೂರಲಿ. ನಾನು ಸಿ ಹಿಡಿದಿರುತ್ತೇನೆ, ಉಳಿದದ್ದು ಅವನ ನೋಯದ ಬೆರಳು ನೋಡಿಕೊಳ್ಳಲಿ. ದಾರಿಯಲ್ಲಿ ಕೇಳಬೇಕು — ನಗುವಾಗ ಅವಳು ನನ್ನ ಕಡೆಗೆ ಎಷ್ಟು ತಿರುಗಿದ್ದಳು, ಮೈಕು ಕೈಯಲ್ಲಿತ್ತೋ ಸ್ಟ್ಯಾಂಡಿನಲ್ಲೋ, ಯಾವ ಸೀರೆ, ತಲೆ ಹೀಗೆ ವಾಲಿಸಿದ್ದಳೋ ಅಥವಾ —